ಕಪ್ಪೆಯನ್ನು ತಕ್ಕಡಿಯಲ್ಲಿಟ್ಟು ತೂಗಿದ 34 ದಿನ

ಕಳೆದ ಮುಂಗಾರಿನಲ್ಲಿ ಪುಷ್ಯ ಮಳೆ ಹಿಡಿದ ಎರಡನೆಯ ದಿನ. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟು ವಾರವಾಗಿತ್ತು, ಗದ್ದೆಯನ್ನು ಕೆಸರು ಮಾಡಿಸುತ್ತಿದ್ದೆ. ಟಿಲ್ಲರ್ ಹುಡುಗ ಇದ್ದಕ್ಕಿದ್ದಂತೆ ಇಂಜಿನ್ ತಗ್ಗಿಸಿ, "ಅಣ್ಣಾ, ಕಪ್ಪೆಯೊಂದು ಚಕ್ರಕ್ಕೆ ಸಿಕ್ಕಿದೆ, ಬಿಸಾಡಲೋ ಬೇಡವೋ?" ಎಂದು ಕೂಗಿದ. ಅವನು ಕೇಳಿದ್ದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಇದೇ ಗದ್ದೆಯಲ್ಲಿ ಕುಡುಗೋಲು ತಗುಲಿದ ಒಂದು ಕಪ್ಪೆಯನ್ನು ನಾನು ಮನೆಗೆ ಹೊತ್ತೊಯ್ದಿದ್ದು ಊರಿಗೆಲ್ಲ ಗೊತ್ತಿತ್ತು. ಅದು ಮರುದಿನವೇ ಸತ್ತದ್ದು ಮಾತ್ರ ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅದು ಸಾಯಲು ಕಾರಣ ಕುಡುಗೋಲಲ್ಲ, ನಾನು. ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಇಪ್ಪತ್ತು ವರ್ಷದಿಂದ ಗಾಯಕ್ಕೇನು ಹಚ್ಚಬೇಕೆಂದು ಜನ ನನ್ನನ್ನು ಕೇಳುತ್ತಾರೆ, ನಾನು ಹೇಳುತ್ತೇನೆ. ಆ ಅಹಂಕಾರದಲ್ಲಿ, ನೀರಿಗೆ ಹಾಕಿದರೆ ಹಾಲಿನಂತೆ ಬಿಳಿಚಿಕೊಳ್ಳುವ ಆ ಕಂದು ದ್ರವವನ್ನು ಒಂದು ಮುಚ್ಚಳ ಬಗ್ಗಿಸಿ ಕಪ್ಪೆಯನ್ನು ತೊಳೆದೆ. ಮೇಲೊಂದಿಷ್ಟು ಮುಲಾಮು ಬಳಿದೆ. ಒಣಗಲಿ ಎಂದು ಬಟ್ಟೆಯ ಮೇಲೆ ಕೂರಿಸಿದೆ. ಮನುಷ್ಯನಾದರೆ ಎರಡು ದಿನದಲ್ಲಿ ಗುಣ ಕಾಣುತ್ತಿದ್ದ. ಕಪ್ಪೆ ಅರ್ಧ ಗಂಟೆಯಲ್ಲಿ ಕೈಕಾಲು ನೀಡಿಕೊಂಡು ನಡುಗತೊಡಗಿತು, ಬೆಳಗಾಗುವಷ್ಟರಲ್ಲಿ ಮುಗಿದಿತ್ತು.

ಆಮೇಲೆ ಕುಳಿತು ಓದಿದೆ. ಓದಿದ್ದರಲ್ಲಿ ಮನಸ್ಸಿಗೆ ನಾಟಿದ್ದು ಒಂದೇ ಸಂಗತಿ: ಕಪ್ಪೆಯ ಚರ್ಮ ನಮ್ಮ ಚರ್ಮದ ಹಾಗೆ ಗೋಡೆಯಲ್ಲ, ಜರಡಿ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಗಳ ನಡುವಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಿನ ಒಂದು ಪಾಲೂ ಚರ್ಮದ ಮೂಲಕವೇ. ಅದಕ್ಕೆ ಮೇಲೆ ಹಚ್ಚುವುದು ಎಂದರೆ ಒಳಗೆ ಕುಡಿಸಿದಂತೆ. ನಾನು ಆ ಕಪ್ಪೆಗೆ ಫಿನಾಯಿಲಿನ ಜಾತಿಯ ರಾಸಾಯನಿಕವನ್ನು ಕುಡಿಸಿದ್ದೆ, ಉಸಿರಾಡುವ ಚರ್ಮಕ್ಕೆ ಜಿಡ್ಡು ಮೆತ್ತಿದ್ದೆ, ಬಾಯಾರಿದ್ದಾಗ ಒಣಗಿಸಿದ್ದೆ. ಮೂರೂ ತಪ್ಪನ್ನು ಒಂದೇ ಸಂಜೆ ಮಾಡಿದ್ದೆ.

ಹಾಗಾಗಿ ಈ ಸಲ ಹುಡುಗ ಕೂಗಿದಾಗ ಓಡಲಿಲ್ಲ. ಮೊದಲು ಕಾಲುವೆಯಲ್ಲಿ ಕೈ ತೊಳೆದೆ. ಎಲೆಗೆ ಹಚ್ಚಿದ ಸುಣ್ಣ, ಬೀಡಿಯ ವಾಸನೆ, ಮೊಬೈಲಿನ ಜಿಡ್ಡು ಎಲ್ಲವೂ ಕೈಯಲ್ಲಿರುತ್ತವೆ. ಒಣಗಿದ ಕೈ ಕಪ್ಪೆಯ ಲೋಳೆಯನ್ನು ಕಿತ್ತುಕೊಳ್ಳುತ್ತದೆ. ಲೋಳೆ ನಮಗೆ ಅಸಹ್ಯ, ಅದಕ್ಕೆ ಕವಚ. ಒದ್ದೆ ಕೈಯಲ್ಲಿ, ಮುಂಗಾಲುಗಳ ಹಿಂದೆ ಒಂದು ಕೈ, ಸೊಂಟದ ಕೆಳಗೆ ಇನ್ನೊಂದು ಕೈ ಕೊಟ್ಟು ಎತ್ತಿದೆ. ಅಂಗೈಗಿಂತ ದೊಡ್ಡದು. ಆಲಿವ್ ಹಸಿರು ಮೈ, ಬೆನ್ನಿನ ನಡುವೆ ತೆಳು ಹಳದಿ ಗೆರೆ, ಗಂಟಲಿನ ಎರಡೂ ಪಕ್ಕದಲ್ಲಿ ಕಪ್ಪು ಮಡಿಕೆ. ಅಂದರೆ ಗಂಡು, ಕೂಗುವ ಚೀಲ ಗಂಡಿಗೇ ಇರುವುದು. ಅವ್ವ ಗೋಂಕರು ಕಪ್ಪೆ ಎನ್ನುತ್ತಾಳೆ. ಪುಸ್ತಕದ ಹೆಸರು ಹೋಪ್ಲೊಬಟ್ರಾಕಸ್ ಟೈಗರಿನಸ್, ಇಂಡಿಯನ್ ಬುಲ್‌ಫ್ರಾಗ್. ಒಂದು ಕಾಲದಲ್ಲಿ ಇದರ ಕಾಲುಗಳೇ ಹಡಗು ಹತ್ತಿ ವಿದೇಶದ ತಟ್ಟೆಗೆ ಹೋಗುತ್ತಿದ್ದವು. 1987ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು. ನನ್ನ ಕೈಯಲ್ಲಿದ್ದ ಕಪ್ಪೆಯ ಗಾಯವೂ ಕಾಲಿನಲ್ಲೇ. ಎಡ ಹಿಂಗಾಲಿನ ತೊಡೆಯ ಚರ್ಮ ಮೂರು ಸೆಂಟಿಮೀಟರಿನಷ್ಟು ಹರಿದು ಎಲೆಯಂತೆ ಮಗುಚಿಕೊಂಡಿತ್ತು, ಒಳಗಿನ ಬಿಳಿ ಮಾಂಸ ಕಾಣುತ್ತಿತ್ತು. ಪಾದದ ಎರಡು ಬೆರಳು ಜೋಲುತ್ತಿದ್ದವು.

ತಿಂಡಿ ತಂದಿದ್ದ ಸ್ಟೀಲ್ ಡಬ್ಬಿ ಇತ್ತು, ಅದಕ್ಕೆ ಹಾಕಲಿಲ್ಲ. ಬಿಸಿಲಿಗೆ ಲೋಹ ಕಾಯುತ್ತದೆ, ಸಾರಿನ ಎಣ್ಣೆ ಉಪ್ಪು ಅಂಟಿರುತ್ತದೆ. ಗೊಬ್ಬರದ ಚೀಲವಂತೂ ಬೇಡವೇ ಬೇಡ, ಯೂರಿಯಾದ ಒಂದು ಹರಳು ಸಾಕು. ಹುಡುಗನ ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ, ತಳಕ್ಕೆ ಒದ್ದೆ ಹುಲ್ಲು ಹಾಸಿ, ಮೇಲೆ ಒದ್ದೆ ಟವೆಲ್ ಕಟ್ಟಿದೆ. ಕ್ಯಾನಿನ ದುಡ್ಡು ಕೊಟ್ಟೆ. ಬೈಕಿನಲ್ಲಿ ಮನೆಗೆ ಹದಿನೈದು ನಿಮಿಷ. ನೀರಿನಲ್ಲಿ ತೇಲಿಸಿ ತರಬಾರದು. ಗಾಬರಿಗೊಂಡ, ರಕ್ತ ಹೋದ ಕಪ್ಪೆ ತಲೆ ಎತ್ತಲಾರದೆ ಮುಳುಗಿ ಸಾಯುತ್ತದೆ. ಕಪ್ಪೆಯೂ ಮುಳುಗುತ್ತದೆಯೇ ಎಂದು ನಗಬೇಡಿ, ಅದಕ್ಕೂ ಶ್ವಾಸಕೋಶವಿದೆ.

ಮನೆಯಲ್ಲಿ ಮೊದಲ ಪ್ರಶ್ನೆ ನೀರಿನದು. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಜರಡಿ ಚರ್ಮಕ್ಕೆ ಸುಡುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಆದರೆ ಗಾಯ ಒಂದು ಹಗಲು ಕಾಯುವುದಿಲ್ಲ. ಅವಸರಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಆಗುತ್ತದೆ. ಗದ್ದೆಯ ನೀರು ಅದರದೇ ಊರಿನ ನೀರಲ್ಲವೇ ಎನ್ನಬಹುದು. ತೆರೆದ ಗಾಯವಿರುವಾಗ ಕೆಸರಿನ ನೀರು, ಅದರಲ್ಲೂ ಮೇಲಿನ ಗದ್ದೆಗಳ ಔಷಧಿ ತೊಳೆದುಕೊಂಡು ಬಂದ ನೀರು, ನನಗೆ ಧೈರ್ಯ ಬರಲಿಲ್ಲ. ನಮ್ಮ ಮನೆಯ ಸೂರಿನಿಂದ ಮಳೆನೀರು ಬೀಳುವ ಸಿಮೆಂಟ್ ತೊಟ್ಟಿ ಇದೆ. ವಾರದಿಂದ ಸುರಿದ ಮಳೆಗೆ ಸೂರು ಚೆನ್ನಾಗಿ ತೊಳೆದಿತ್ತು. ಅದೇ ನೀರು ಬಳಸಿದೆ.

ಎರಡನೆಯದು ಉಪ್ಪು. ಇಲ್ಲಿ ನನ್ನ ಅಂಗಡಿ ಉಪಯೋಗಕ್ಕೆ ಬಂತು. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಹಾಕುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಕಪ್ಪೆಯ ರಕ್ತ ನಮ್ಮದಕ್ಕಿಂತ ತೆಳು. ಆ ಸಲೈನ್ ಹಾಗೇ ಹಾಕಿದರೆ ಅದರ ಮೈಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬರೀ ನೀರು ಹಾಕಿದರೆ ಹರಿದ ಚರ್ಮದಿಂದ ಅದರ ಉಪ್ಪು ಸೋರಿ, ನೀರು ಒಳನುಗ್ಗಿ ಮೈ ಊದುತ್ತದೆ. ಎರಡು ಪಾಲು ಸಲೈನಿಗೆ ಒಂದು ಪಾಲು ಮಳೆನೀರು ಬೆರೆಸಿದರೆ ಲೀಟರಿಗೆ 6 ಗ್ರಾಂ. ಪ್ರಯೋಗಾಲಯದವರು ಕಪ್ಪೆಗೆಂದೇ ಮಾಡುವ ರಿಂಗರ್ ದ್ರಾವಣ ಲೀಟರಿಗೆ 6.6 ಗ್ರಾಂ ಸೋಡಿಯಂ ಕ್ಲೋರೈಡ್ ಜೊತೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸೋಡಾ ಚಿಟಿಕೆ ಚಿಟಿಕೆ ಸೇರಿದ್ದು. ನನ್ನದು ಅದರ ಬಡ ನೆಂಟ, ಮೊದಲ ರಾತ್ರಿಗೆ ಸಾಕಾಯಿತು. ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿ, ಹರಿದ ಚರ್ಮದ ಕೆಳಗಿನ ಮಣ್ಣು ಹೋಗುವವರೆಗೆ ಮೆಲ್ಲಗೆ ಹಾಯಿಸಿದೆ. ಹತ್ತಿಯಿಂದ ಉಜ್ಜಲಿಲ್ಲ. ಹತ್ತಿಯ ಎಳೆ ಅಂಟಿಕೊಂಡರೆ ಅದೇ ಇನ್ನೊಂದು ಗಾಯ.

ಅಷ್ಟರಲ್ಲಿ ಅವ್ವ ಅರಿಶಿನದ ಡಬ್ಬಿ ಹಿಡಿದು ಬಂದಳು. ಈ ಮನೆಯಲ್ಲಿ ಕುಡುಗೋಲು ತಗುಲಿದವರಿಗೆಲ್ಲ ಅರಿಶಿನ ಮೆತ್ತಿಯೇ ಉಳಿಸಿದ್ದೇನೆ, ನೀನೂ ಅದರಲ್ಲಿ ಒಬ್ಬ ಎಂದಳು. ಬೇಡ ಅವ್ವ ಎಂದರೆ ಸಿಟ್ಟಾದಳು. ಪುಡಿ ಯಾವುದೇ ಇರಲಿ, ಒದ್ದೆ ಚರ್ಮದ ಮೇಲೆ ಗಟ್ಟಿಯಾಗಿ ಕೂತು ಉಸಿರು ಕಟ್ಟಿಸುತ್ತದೆ ಎಂದು ಹೇಳಲು ಹೋದೆ. ಕೊನೆಗೆ, ಎರಡು ವರ್ಷದ ಹಿಂದೆ ಔಷಧಿ ಹಾಕಿ ನಾನೇ ಕೊಂದೆನಲ್ಲ ಎಂದಾಗ ಡಬ್ಬಿ ಮುಚ್ಚಿದಳು.

ಮಗಳು ಇನ್ನೊಂದು ಸುದ್ದಿ ತಂದಳು. ಮೊಬೈಲಿನಲ್ಲಿ ಹುಡುಕಿದ್ದಾಳೆ, ಕಾಲು ತುಂಡಾದರೂ ಹೊಸ ಕಾಲು ಬೆಳೆಯುತ್ತದಂತೆ, ಬೆರಳು ಸಹಿತ. ಅಜ್ಜಿಗೂ ಹೇಳಿಬಿಟ್ಟಿದ್ದಳು, ಇಬ್ಬರೂ ನಿರಾಳ. ನೋಡಿದರೆ ಅದು ಸಾಲಮ್ಯಾಂಡರ್. ಕಪ್ಪೆಯ ದಾಯಾದಿ, ಬಾಲವಿರುವ ಉಭಯಚರ, ನೋಡಲು ಒದ್ದೆ ಹಲ್ಲಿಯ ಹಾಗೆ. ಅದಕ್ಕೆ ಕಳೆದುಕೊಂಡ ಕಾಲು ಮೂಳೆ ಸಮೇತ ಮತ್ತೆ ಮೂಡುತ್ತದೆ ಎಂಬುದು ನಿಜ. ಮೆಕ್ಸಿಕೋದ ಆಕ್ಸೊಲಾಟಲ್ ಎಂಬ ಜಾತಿಯನ್ನು ಪ್ರಯೋಗಾಲಯಗಳಲ್ಲಿ ಸಾಕಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಆದರೆ ನಮ್ಮ ದೇಶದಲ್ಲಿ ಸಾಲಮ್ಯಾಂಡರ್ ಇರುವುದು ಡಾರ್ಜಿಲಿಂಗ್ ಕಡೆಯ ಪೂರ್ವ ಹಿಮಾಲಯದ, ಈಶಾನ್ಯದ ಬೆಟ್ಟಗಳಲ್ಲಿ. ಮಂಡ್ಯದ ಗದ್ದೆಯಲ್ಲಿ ಒದ್ದೆ ಹಲ್ಲಿಯಂಥದ್ದು ಕಂಡರೆ ಅದು ಹಾವುರಾಣಿಯೋ ಹಲ್ಲಿಯೋ ಆಗಿರುತ್ತದೆ. ಅವುಗಳಿಗೆ ಹುರುಪೆಯ ಚರ್ಮ, ಕಪ್ಪೆಯ ಉಪಚಾರವೇ ಬೇರೆ. ಕಪ್ಪೆಗೆ ಗೊದಮೊಟ್ಟೆಯಾಗಿದ್ದಾಗ ಕಾಲು ಮತ್ತೆ ಚಿಗುರುವ ಶಕ್ತಿ ಒಂದಿಷ್ಟು ಇರುತ್ತದೆ, ದೊಡ್ಡದಾದ ಮೇಲೆ ಹೋದದ್ದು ಹೋದಂತೆ. ಇದನ್ನು ಹೇಳಿದಾಗ ಮಗಳ ಮುಖ ಬಾಡಿತು. ಮೊಬೈಲಿನ ಸಲಹೆಯಲ್ಲಿ ಉಪಯೋಗಕ್ಕೆ ಬಂದದ್ದೂ ಇತ್ತೆನ್ನಿ: ಒದ್ದೆ ಕೈ, ಶುದ್ಧ ನೀರು, ಕತ್ತಲು, ಸುಮ್ಮನಿರಲು ಬಿಡುವುದು. ಕಪ್ಪೆ, ಸಾಲಮ್ಯಾಂಡರ್ ಎರಡರ ಚರ್ಮವೂ ಒಂದೇ ಬಗೆ.

ಕತ್ತಲೆಯ ವಿಷಯದಲ್ಲಿ ನಾನೇ ಎಡವಿದೆ. ಮನೆಯಲ್ಲಿದ್ದ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಟಬ್ಬಿಗೆ ಮುಚ್ಚಳವಿತ್ತು, ಕಾದ ಮೊಳೆಯಿಂದ ಮುಚ್ಚಳಕ್ಕೆ ತೂತು ಮಾಡಿ, ಚೂಪು ಅಂಚು ಒಳಗಾಗದಂತೆ ಉಜ್ಜಿದೆ. ಒಂದು ಬದಿಗೆ ಇಟ್ಟಿಗೆ ಚೂರು ಕೊಟ್ಟು ಓರೆಯಾಗಿಟ್ಟರೆ ಆ ತುದಿ ತೇವ ಮಾತ್ರ, ಈ ತುದಿಯಲ್ಲಿ ಒಂದು ಅಂಗುಲ ನೀರು. ಎಲ್ಲಿರಬೇಕೆಂದು ಕಪ್ಪೆಯೇ ಆರಿಸಿಕೊಳ್ಳುತ್ತದೆ. ತಳಕ್ಕೆ ಮಣ್ಣು ಹಾಕಲಿಲ್ಲ. ಹಳೆಯ ಪಂಚೆಯನ್ನು ಸೋಪು ಮುಟ್ಟಿಸದೆ ಕುದಿನೀರಿನಲ್ಲಿ ಎರಡು ಸಲ ಅದ್ದಿ, ತುಂಡು ಮಾಡಿ ಹಾಸಿದೆ. ಅಡಗಲು ಮಡಕೆಯ ಒಂದು ಹೋಳು, ಅಂಚು ಸವರಿದ್ದು. ಎಲ್ಲ ಸರಿಯೇ. ಆದರೆ ಟಬ್ಬಿನ ಪಕ್ಕಗಳು ಪಾರದರ್ಶಕವಾಗಿದ್ದವು. ಕಪ್ಪೆಗೆ ಗಾಜು ಪ್ಲಾಸ್ಟಿಕ್ಕು ಏನೂ ಅರ್ಥವಾಗುವುದಿಲ್ಲ, ಆಚೆ ಬೆಳಕು ಕಂಡರೆ ಹಾರುತ್ತದೆ. ರಾತ್ರಿಯಿಡೀ ದಬ್ ದಬ್ ಸದ್ದು. ಬೆಳಗ್ಗೆ ನೋಡಿದರೆ ಮೂತಿಯ ತುದಿ ತರಚಿ ಕೆಂಪಗಾಗಿತ್ತು. ಹಳೆಯ ಗಾಯದ ಜೊತೆಗೆ ಹೊಸದೊಂದು, ನನ್ನ ಕೊಡುಗೆ. ಸುತ್ತ ಕಪ್ಪು ಬಟ್ಟೆ ಸುತ್ತಿದ ಮೇಲೆ ಹಾರುವುದು ನಿಂತಿತು.

ಎರಡನೆಯ ದಿನ ಪಶುವೈದ್ಯರ ಹುಡುಕಾಟ. ನಮ್ಮ ಕಡೆ ಪಶು ಆಸ್ಪತ್ರೆಯೆಂದರೆ ಹಸು, ಎಮ್ಮೆ, ಕುರಿ, ಈಚೆಗೆ ನಾಯಿ. ಒಬ್ಬರು ಕ್ಯಾನಿನೊಳಗೆ ಇಣುಕಿ, ಗದ್ದೆಗೆ ಬಿಟ್ಟುಬಿಡಿ, ಹಾವಿಗಾದರೂ ಆಗುತ್ತದೆ ಎಂದರು. ತಪ್ಪು ಮಾತೇನಲ್ಲ, ಹೊರಗೆ ಎಂಟು ಹಸು ಕಾಯುತ್ತಿದ್ದವು. ಇನ್ನೊಬ್ಬರು ವಯಸ್ಸಿನಲ್ಲಿ ಚಿಕ್ಕವರು, ಸಂಜೆ ಆರರ ಮೇಲೆ ಬನ್ನಿ ಎಂದರು. ಹೋದೆ. ಅವರು ಜೋಲುತ್ತಿದ್ದ ಎರಡು ಬೆರಳನ್ನು ತೆಗೆದುಹಾಕಿ, ತೊಡೆಯ ಚರ್ಮವನ್ನು ಮೂಲ ಜಾಗಕ್ಕೆ ಎಳೆದು ನೈಲಾನ್ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದರು. ಮೂಳೆ ಮುರಿದಿರಲಿಲ್ಲ. ನೋವು ತಿಳಿಯದಂತೆ ಏನು ಕೊಟ್ಟರು, ಎಷ್ಟು ಕೊಟ್ಟರು ಎಂದು ಇಲ್ಲಿ ಬರೆಯುವುದಿಲ್ಲ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಪರಿಚಯದವರೊಬ್ಬರು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಟ್ಟರೆ ಮರಗಟ್ಟುತ್ತದೆ, ನೀವೇ ಹೊಲಿಯಬಹುದು ಎಂದು ಸಲಹೆ ಕೊಟ್ಟಿದ್ದರು. ತಣ್ಣಗಾದ ಕಪ್ಪೆ ಅಲುಗಾಡುವುದಿಲ್ಲ, ಅಷ್ಟೆ. ನೋವು ಎಲ್ಲಿಗೂ ಹೋಗಿರುವುದಿಲ್ಲ. ಅವರ ಜೊತೆ ಆ ಮೇಲೆ ಹೆಚ್ಚು ಮಾತಾಡಿಲ್ಲ.

ವೈದ್ಯರು ಹೇಳಿದ ಉಪಚಾರ ಇಷ್ಟೆ: ಪೊವಿಡೋನ್ ಅಯೋಡಿನ್ ಶೇಕಡಾ 5ರದ್ದು ಒಂದು ಪಾಲು, ನೀರು ಒಂಬತ್ತು ಪಾಲು. ದಿನಕ್ಕೊಮ್ಮೆ ಹೊಲಿಗೆಯ ಮೇಲೆ ಮಾತ್ರ ಹನಿಸಿ ಒಂದು ನಿಮಿಷದ ನಂತರ ತೊಳೆಯಬೇಕು. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಕ್ರೀಮು ಅಕ್ಕಿಕಾಳಿನಷ್ಟು. ನೋವು ಮರೆಸುವ ಅಂಶ ಸೇರಿದ ಯಾವ ಮುಲಾಮೂ ಬೇಡ. ನಂಜು ಏರಿದ ಲಕ್ಷಣ ಕಂಡರೆ ಒಡನೆ ತನ್ನಿ, ಆಂಟಿಬಯೋಟಿಕ್ ನಾನೇ ತೂಕ ನೋಡಿ ಕೊಡುತ್ತೇನೆ ಎಂದರು. ಇದನ್ನು ನನಗೆ ಒತ್ತಿ ಹೇಳಬೇಕಾಗಿತ್ತು, ಏಕೆಂದರೆ ನನ್ನ ಹಿಂದಿನ ಕಪಾಟಿನ ತುಂಬ ಅವೇ ಇವೆ. ಅರವತ್ತು ಕಿಲೋ ಮನುಷ್ಯನ ಮಾತ್ರೆಯನ್ನು ಕಾಲು ಕಿಲೋ ಕಪ್ಪೆಗೆ ಹಂಚುವ ಲೆಕ್ಕದಲ್ಲಿ ಒಂದು ಸೊನ್ನೆ ಆಚೀಚೆಯಾದರೆ ಮುಗಿಯಿತು. ಅದೇ ಸಂಜೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಕಪ್ಪೆಯೂ ಕಾಡುಜೀವಿಯೇ, ಮನೆಯಲ್ಲಿ ಇಟ್ಟುಕೊಂಡಿರುವುದು ಯಾಕೆಂದು ಅವರಿಗೆ ಗೊತ್ತಿದ್ದರೆ ಒಳ್ಳೆಯದು. ಗುಣವಾದ ಮೇಲೆ ಸಿಕ್ಕಿದ ಜಾಗದಲ್ಲೇ ಬಿಡಿ ಎಂದರು.

ಆಮೇಲಿನದು ದಿನಚರಿ. ಬೆಳಗ್ಗೆ ಅಂಗಡಿಗೆ ಹೋಗುವ ಮೊದಲು ನೀರು ಬದಲು, ಬಟ್ಟೆ ಬದಲು. ರಾತ್ರಿ ಬಂದ ಮೇಲೆ ಇನ್ನೊಮ್ಮೆ. ಈ ನೀರಿನ ಕೆಲಸವೇ ಮುಕ್ಕಾಲು ಪಾಲು ಚಿಕಿತ್ಸೆ. ತನ್ನ ಹೊಲಸು ಕರಗಿದ ನೀರನ್ನೇ ಕಪ್ಪೆ ಚರ್ಮದಿಂದ ಮತ್ತೆ ಕುಡಿಯುತ್ತದೆ, ಒಂದು ದಿನ ಸೋಮಾರಿತನ ಮಾಡಿದರೆ ಅದೇ ವಿಷ. ಮನೆಯ ಒಳಗೆ ತಂಪು ಮೂಲೆಯಿತ್ತು, ಆಷಾಢದ ಗಾಳಿ ಇತ್ತು, ಬಲ್ಬು ಗಿಲ್ಬು ಏನೂ ಬೇಕಾಗಲಿಲ್ಲ.

ಮತ್ತು ತೂಕ. ಒಟ್ಟಾಗಿ ಒಂದು ಕಡೆ ನಿಲ್ಲದವರನ್ನು ಕಂಡರೆ ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎನ್ನುತ್ತಾರಲ್ಲ, ಆ ಗಾದೆ ಮಾಡಿದವನು ಖಂಡಿತ ತೂಗಿ ನೋಡಿಯೇ ಹೇಳಿದ್ದಾನೆ. ನನಗಿದ್ದದ್ದು ಒಂದೇ ಕಪ್ಪೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮೇಲೊಂದು ಮುಚ್ಚಳವಿರುವ ಡಬ್ಬಿ. ಮೊದಲ ದಿನ 236 ಗ್ರಾಂ. ಮರುದಿನ 219. ಎದೆ ಧಸಕ್ಕೆಂದಿತು. ಮೂರನೆಯ ದಿನ ಮತ್ತೆ 234! ಆಮೇಲೆ ಹೊಳೆಯಿತು: ಎತ್ತಿದ ಕೂಡಲೇ ಅದು ಅಂಗೈ ತುಂಬ ನೀರು ಬಿಡುತ್ತದೆ. ಕಪ್ಪೆ ತನ್ನ ಮೂತ್ರಕೋಶದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಬೇಸಿಗೆಗೆ ತೊಟ್ಟಿ ತುಂಬಿಸಿಟ್ಟ ಹಾಗೆ, ಬೆದರಿದರೆ ಸುರಿದುಬಿಡುತ್ತದೆ. ನಾನು ಒಂದು ದಿನ ತುಂಬಿದ ತೊಟ್ಟಿಯನ್ನು, ಇನ್ನೊಂದು ದಿನ ಬರಿದಾದದ್ದನ್ನು ತೂಗುತ್ತಿದ್ದೆ. ಅಂದಿನಿಂದ ಎತ್ತಿ, ಅದು ಉಚ್ಚೆ ಬಿಟ್ಟ ಮೇಲೆ ತೂಗಿ ಬರೆದುಕೊಂಡೆ. ಎಂಟನೆಯ ದಿನಕ್ಕೆ 211ಕ್ಕೆ ಇಳಿದು ಅಲ್ಲಿ ನಿಂತಿತು.

ಊಟ ಮೊದಲ ನಾಲ್ಕು ದಿನ ಕೊಡಲಿಲ್ಲ. ದೊಡ್ಡ ಕಪ್ಪೆ ಒಂದು ವಾರ ಉಪವಾಸವಿದ್ದರೂ ತೊಂದರೆಯಿಲ್ಲ, ಬಲವಂತವಾಗಿ ಬಾಯಿ ತೆರೆಸಿದರೆ ದವಡೆ ಮುರಿಯುತ್ತದೆ. ಐದನೆಯ ದಿನ ಸತ್ತ ಮಿಡತೆ ಇಟ್ಟೆ. ಮೂತಿಯ ಮುಂದೆಯೇ ಇದ್ದರೂ ಅದಕ್ಕೆ ಕಾಣಲಿಲ್ಲ. ಕಪ್ಪೆಗೆ ಅಲುಗಾಡಿದ್ದು ಮಾತ್ರ ಆಹಾರ. ತಿಪ್ಪೆಯಿಂದ ಎರೆಹುಳು ತಂದು, ಮಳೆನೀರಿನಲ್ಲಿ ತೊಳೆದು, ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸಿದೆ. ಒಂದೇ ಏಟಿಗೆ ಇಕ್ಕಳದ ತುದಿ ಸಮೇತ ಬಾಯೊಳಗೆ. ನುಂಗುವಾಗ ಕಣ್ಣು ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ. ನೋವಿಗೆ ಕಣ್ಣು ಮುಚ್ಚಿತೆಂದು ಮಗಳು ಹೆದರಿದಳು. ಗುಡ್ಡೆಗಳು ಒಳಗಿನಿಂದ ತುತ್ತನ್ನು ಗಂಟಲಿಗೆ ನೂಕುತ್ತವೆ, ಅದು ಅದರ ಜಾಣತನ. ಆಮೇಲೆ ದಿನ ಬಿಟ್ಟು ದಿನ ನಾಲ್ಕೈದು ಹುಳು, ತೆವರಿಯ ಮೇಲಿನ ಮಿಡತೆ. ಮನೆಯ ಜಿರಳೆ ಕೊಡಲಿಲ್ಲ, ಯಾವ ಮನೆಯ ಔಷಧಿ ತಿಂದು ಬಂದಿದೆಯೋ ಯಾರಿಗೆ ಗೊತ್ತು.

ಒಂಟಿಯಾಗಿದೆ ಎಂದು ಮಗಳು ಬಚ್ಚಲ ಹತ್ತಿರದ ಸಣ್ಣ ಕಪ್ಪೆಯೊಂದನ್ನು ಹಿಡಿದು ಜೊತೆಗೆ ಬಿಟ್ಟಿದ್ದಳು, ನನಗೆ ಹೇಳದೆ. ಬೆಳಗ್ಗೆ ಟಬ್ಬಿನಲ್ಲಿ ಒಂದೇ ಕಪ್ಪೆಯಿತ್ತು, ತೂಕ 9 ಗ್ರಾಂ ಏರಿತ್ತು. ನಾನು ಸಂತೋಷದಿಂದ ಬರೆದುಕೊಂಡೆ. ಸಂಜೆ ಅವಳು ಅತ್ತುಕೊಂಡು ಒಪ್ಪಿಕೊಂಡಾಗ ಆ ಅಂಕಿಯನ್ನು ಹೊಡೆದುಹಾಕಿದೆ. ಈ ಜಾತಿ ಇಲಿಮರಿಯನ್ನೂ ಬಿಡುವುದಿಲ್ಲ, ಪಕ್ಕದ ಮನೆಯ ಕಪ್ಪೆಯನ್ನು ಬಿಡುತ್ತದೆಯೇ?

ಒಂಬತ್ತನೆಯ ರಾತ್ರಿ ಅದು ತಪ್ಪಿಸಿಕೊಂಡಿತು. ಮುಚ್ಚಳದ ಮೇಲೆ ಕಲ್ಲಿಡಲು ಮರೆತಿದ್ದೆ. ಮೂರು ಕಾಲಿನ ಬಲದಲ್ಲಿ ಮುಚ್ಚಳ ಎತ್ತಿಕೊಂಡು ಹೋಗಿದೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಮನೆಯವರೆಲ್ಲ ನೆಲಕ್ಕೆ ಮುಖ ಕೊಟ್ಟು ಹುಡುಕಿದೆವು. ಕೊನೆಗೆ ಫ್ರಿಜ್ಜಿನ ಹಿಂದೆ, ಮೈತುಂಬ ಧೂಳು ಕೂದಲು ಮೆತ್ತಿಕೊಂಡು, ಬೂದಿ ಬಳಿದ ಸನ್ಯಾಸಿಯ ಹಾಗೆ ಕುಳಿತಿತ್ತು. ಫ್ರಿಜ್ಜಿಗೆ ಸೇರಿಸಲು ಹೇಳಿದವರ ನೆನಪಾಗಿ ನಗು ಬಂತು. ಸಲೈನ್ ಬೆರೆಸಿದ ನೀರಿನಲ್ಲಿ ಒಂದೊಂದೇ ಕೂದಲು ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೊಲಿಗೆ ಬಿಚ್ಚಿರಲಿಲ್ಲ.

ನಿಜವಾಗಿ ಹೆದರಿದ್ದು ಹನ್ನೊಂದನೆಯ ದಿನ. ಹೊಟ್ಟೆಯ ಕೆಳಗೆ, ಗಾಯವಿಲ್ಲದ ಬಲತೊಡೆಯ ಒಳಭಾಗದಲ್ಲಿ, ಗುಲಾಬಿ ಬಣ್ಣ. ಕಪ್ಪೆ ಸಾಕುವವರು ಕೆಂಗಾಲು ರೋಗ ಎಂದು ನಡುಗುವುದು ಇದಕ್ಕೇ. ಏರೊಮೊನಾಸ್ ಎಂಬ ಬ್ಯಾಕ್ಟೀರಿಯಾ ನೀರಿನಲ್ಲಿ ಸದಾ ಇರುತ್ತದೆ, ಕಪ್ಪೆ ಸೊರಗಿದಾಗ ರಕ್ತಕ್ಕೆ ಇಳಿಯುತ್ತದೆ, ಚರ್ಮದಡಿ ರಕ್ತ ಒಸರಿ ಕಾಲು ಕೆಂಪಾಗುತ್ತದೆ, ಹಲವು ಸಲ ಅಲ್ಲಿಗೆ ಕಥೆ ಮುಗಿಯುತ್ತದೆ. ಹಿಂದಿನ ದಿನ ಅಂಗಡಿಗೆ ಸರಕು ಬಂದಿತ್ತೆಂದು ರಾತ್ರಿಯ ನೀರು ಬದಲಾಯಿಸಿರಲಿಲ್ಲ. ವೈದ್ಯರು ಆರು ದಿನಕ್ಕೆ ಆಂಟಿಬಯೋಟಿಕ್ ಹನಿ ಕೊಟ್ಟರು. ನಾನು ನೀರನ್ನು ದಿನಕ್ಕೆ ಮೂರು ಸಲ ಬದಲಾಯಿಸಿದೆ, ಮಧ್ಯಾಹ್ನದ ಪಾಳಿ ಅವ್ವನದು. ಅರಿಶಿನ ಬೇಡವೆಂದ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ನಾಲ್ಕನೆಯ ದಿನಕ್ಕೆ ಗುಲಾಬಿ ಹೋಗಿ ಹಾಲುಬಿಳುಪು ಬಂತು. ಔಷಧಿಯಿಂದಲೋ ನೀರಿನಿಂದಲೋ ಎಂದು ನನ್ನನ್ನು ಕೇಳಿದರೆ, ಔಷಧಿ ಮಾರುವವನಾಗಿಯೂ, ನೀರು ಎನ್ನುತ್ತೇನೆ.

ಹದಿನೇಳನೆಯ ದಿನ ಇನ್ನೊಂದು ಗಾಬರಿ, ಸುಳ್ಳು ಗಾಬರಿ. ಮೈಯೆಲ್ಲ ಮಂಕಾಗಿ, ಬೆನ್ನು ಬಾಗಿಸಿ, ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಸತ್ತೇ ಹೋಗುತ್ತದೆಂದುಕೊಂಡೆ. ನೋಡುತ್ತಿದ್ದಂತೆ ಬನಿಯನ್ ಕಳಚುವವರ ಹಾಗೆ ಮುಂಗಾಲಿನಿಂದ ತಲೆಯ ಮೇಲಿನ ತೆಳು ಪೊರೆಯನ್ನು ಎಳೆದು ಬಾಯಿಗೆ ತುಂಬಿಕೊಂಡಿತು. ಪೊರೆ ಬಿಟ್ಟು ಅದನ್ನೇ ತಿನ್ನುವುದು ಕಪ್ಪೆಗಳ ವಾಡಿಕೆ. ಎಡತೊಡೆಯಲ್ಲಿ ಪೊರೆ ಹೊಲಿಗೆಗೆ ಸಿಕ್ಕಿ ನಿಂತಿತ್ತು, ನೀರು ಹಾಯಿಸಿ ಬಿಡಿಸಿದೆ. ಒಳಗಿನ ಹೊಸ ಚರ್ಮ ಹೊಳೆಯುತ್ತಿತ್ತು, ಗಾಯದ ಅಂಚು ಕೂಡಿಕೊಂಡಿತ್ತು.

ಕಪ್ಪೆಯ ಹೊಲಿಗೆ ನಮ್ಮದರಂತೆ ವಾರಕ್ಕೆ ಬಿಚ್ಚುವಂಥದಲ್ಲ. ಇಪ್ಪತ್ತೆಂಟನೆಯ ದಿನ ವೈದ್ಯರು ದಾರ ತೆಗೆದರು. ಕಪ್ಪೆಯನ್ನು ತೊಟ್ಟಿಗೆ ಬಿಟ್ಟು ನೋಡಿದೆ. ಎರಡು ಬೆರಳಿನ ನಡುವಿನ ಜಾಲವಿಲ್ಲದ್ದರಿಂದ ಒದೆತ ಒಂದೇ ಸಮ ಬೀಳುವುದಿಲ್ಲ, ಎಡಕ್ಕೆ ಎಳೆಯುತ್ತದೆ. ಮೊದಲ ದಿನ ಗೋಡೆಗೆ ಗುದ್ದಿತು. ನಾಲ್ಕನೆಯ ದಿನ ತಾನೇ ಬಲಗಾಲಿನ ಒದೆತವನ್ನು ತಗ್ಗಿಸಿ ನೇರವಾಗಿ ಈಜಿತು. ಓಡುವ ಮಿಡತೆಯನ್ನು ಹತ್ತಕ್ಕೆ ಎಂಟು ಸಲ ಹಿಡಿಯಿತು. ಕೈ ಹತ್ತಿರ ತಂದರೆ ಹಾರಿತು. ಇದು ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿತು. ತಿಂಗಳು ತುತ್ತು ತಿನ್ನಿಸಿದ ಕೈಗೆ ಒಗ್ಗಿಹೋಗಿದ್ದರೆ ಕೊಕ್ಕರೆಗೂ ಒಗ್ಗಿಹೋಗುತ್ತಿತ್ತು. ತೂಕ 241.

ಬಿಡುವ ದಿನ ಮತ್ತೊಂದು ತಡೆ. ನಾಟಿಯಾಗಿ ಪೈರು ಹಸಿರುಗಟ್ಟಿತ್ತು, ಪಕ್ಕದ ಗದ್ದೆಯವರು ಸುಳಿ ಕೊರಕ ಹುಳಕ್ಕೆಂದು ಹಿಂದಿನ ದಿನವಷ್ಟೇ ಹರಳು ಔಷಧಿ ಎರಚಿದ್ದರು, ಅವರ ನೀರು ನಮ್ಮ ಗದ್ದೆಗೇ ಇಳಿಯುತ್ತದೆ. ಅವರನ್ನು ದೂರುವ ಹಾಗಿಲ್ಲ, ಹೋದ ವರ್ಷ ನಾನೂ ಎರಚಿದ್ದೆ. ಹಾಗೆಂದು ಕಪ್ಪೆಯನ್ನು ಬೈಕಿನಲ್ಲಿ ರಂಗನತಿಟ್ಟಿನ ಕಡೆಗೋ ಇನ್ನಾವುದೋ ಕೆರೆಗೋ ಒಯ್ಯುವುದು ಸರಿಯಲ್ಲ. ಅದಕ್ಕೆ ಗೊತ್ತಿರುವ ಬಿಲ, ಬೇಸಿಗೆಯಲ್ಲಿ ಮಣ್ಣಿನೊಳಗೆ ಹೂತುಕೊಳ್ಳುವ ಜಾಗ ಇಲ್ಲಿಯೇ ಇದೆ. ಮೇಲಾಗಿ, ಒಂದು ಕಡೆಯ ಕಪ್ಪೆಯ ಚರ್ಮದ ಶಿಲೀಂಧ್ರ ಇನ್ನೊಂದು ಕಡೆಯ ಕಪ್ಪೆಗಳಿಗೆ ಹರಡುತ್ತದೆ; ಕೈಟ್ರಿಡ್ ಎಂಬ ಅಂಥದೊಂದು ಶಿಲೀಂಧ್ರ ಪ್ರಪಂಚದ ಹಲವೆಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಎರಡು ದಿನ ಕಾದು, ಅದೇ ಗದ್ದೆಯ ಮೇಲ್ಗಡೆ, ತೂಬಿನಿಂದ ಹೊಸ ನೀರು ಬೀಳುವ ಕೈಗಾಲುವೆಯ ಮಗ್ಗುಲಿನ ಜೊಂಡು ಆರಿಸಿದೆ. ಔಷಧಿ ನೀರು ಅಲ್ಲಿಗೆ ಹತ್ತುವುದಿಲ್ಲ.

ಸಂಜೆ ಏಳರ ಹೊತ್ತಿಗೆ ಜಿನುಗು ಮಳೆ. ಮಗಳು ಕ್ಯಾನನ್ನು ಓರೆ ಮಾಡಿದಳು. ಅದು ಹೊರಬಂದು ತೇವದ ಮೇಲೆ ಹೊಟ್ಟೆ ಒತ್ತಿ ಬಹಳ ಹೊತ್ತು ಕುಳಿತಿತು. ನೀರು ಕುಡಿಯುತ್ತಿದೆ ಎಂದು ಮಗಳು ಪಿಸುಗುಟ್ಟಿದಳು. ಆಮೇಲೆ ಎರಡು ಹಾರು, ಎರಡನೆಯದು ಸ್ವಲ್ಪ ಎಡಕ್ಕೆ, ಜೊಂಡಿನೊಳಗೆ.

ಟಬ್ಬನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ತೊಳೆದು, ಹತ್ತು ಸಲ ಜಾಲಿಸಿ, ಮೂರು ಬಿಸಿಲು ಒಣಗಿಸಿದೆ. ಅವ್ವ ಅದನ್ನು ಅಡುಗೆಮನೆಗೆ ಸೇರಿಸಲಿಲ್ಲ. ತಕ್ಕಡಿಯನ್ನೂ ಸೇರಿಸಲಿಲ್ಲ, ಹೊಸದು ತರಬೇಕಾಯಿತು.

ಟಿಲ್ಲರ್ ಹುಡುಗನ ಜೊತೆ ಈ ವರ್ಷ ಒಂದು ಒಪ್ಪಂದವಾಗಿದೆ. ಮೊದಲೆಲ್ಲ ಅವನು ತೆವರಿಯ ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಹೋಗುತ್ತಿದ್ದ. ಹಾಗೆ ಮಾಡಿದರೆ ಗದ್ದೆಯ ಕಪ್ಪೆಗಳೆಲ್ಲ ಚಕ್ರಕ್ಕೆ ಹೆದರಿ ನಡುವಿಗೆ ಸರಿದು, ಕೊನೆಯ ಸುತ್ತಿನಲ್ಲಿ ಓಡಲು ಜಾಗವಿಲ್ಲದೆ ಸಿಕ್ಕಿಬೀಳುತ್ತವೆ. ಈಗ ನಡುವಿನಿಂದ ಶುರುಮಾಡಿ ಹೊರಗೆ ಬರುತ್ತಾನೆ, ಮುಂದೆ ನಾನು ಕೋಲು ಹಿಡಿದು ನೀರು ಬಡಿಯುತ್ತ ನಡೆಯುತ್ತೇನೆ. ಇದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ಆ ಅರ್ಧ ಗಂಟೆಯ ಬಾಡಿಗೆಯನ್ನು ಅವನು ಲೆಕ್ಕದ ಚೀಟಿಯಲ್ಲಿ ಬೇರೆಯಾಗಿಯೇ ಬರೆಯುತ್ತಾನೆ: ಕಪ್ಪೆ ಬಾಬತ್ತು.